ಉಸಿಕ್–ಡುಬ್ವಾ ಎರಡನೇ ಸಲ: ನಿಮ್ಮ ಲೆಕ್ಕ ಯಾರ ಕಡೆ?

ಬಳ್ಳಾರಿ ಬಂಡೆ (2025ರ ಜುಲೈ 12, ರಾತ್ರಿ)

ಇನ್ನೊಂದೇ ವಾರ. 19ರ ಶನಿವಾರ ರಾತ್ರಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹೆವಿವೇಟ್ ಬಾಕ್ಸರುಗಳಾದ ಒಲೆಕ್ಸಾಂಡರ್ ಉಸಿಕ್ ಮತ್ತು ಡೇನಿಯಲ್ ಡುಬ್ವಾ ಮತ್ತೆ ಎದುರುಬದುರಾಗುತ್ತಾರೆ. ನಮ್ಮ ಗಡಿಯಾರಕ್ಕೆ ಅದು ಭಾನುವಾರ ನಸುಕು, ಎರಡು ಗಂಟೆಯ ಮೇಲೆ. ಮೊದಲೇ ಒಂದು ಮಾತು: ಕಾಗುಣಿತ ನೋಡಿ ‘ಡುಬೋಯಿಸ್’ ಎಂದು ಓದಬೇಡಿ. ನಾನು ಎರಡು ವರ್ಷ ಹಾಗೆಯೇ ಕರೆದು ತಮ್ಮನಿಂದ ಬೈಸಿಕೊಂಡಿದ್ದೇನೆ.

ಮೊದಲ ಪಂದ್ಯ 2023ರ ಆಗಸ್ಟ್ 26ರಂದು ಪೋಲೆಂಡಿನಲ್ಲಿ ನಡೆಯಿತು. 5ನೇ ಸುತ್ತಿನಲ್ಲಿ ಡುಬ್ವಾನ ಬಲಗೈ ಗುದ್ದು ಉಸಿಕ್‌ನ ಸೊಂಟಪಟ್ಟಿಯ ಹತ್ತಿರ ಬಿತ್ತು, ಉಸಿಕ್ ಉರುಳಿದ. ರೆಫರಿ ಲೂಯಿಸ್ ಪಬೋನ್ ಅದನ್ನು ಸೊಂಟದ ಗೆರೆಗಿಂತ ಕೆಳಗಿನ ಗುದ್ದು, ಅಂದರೆ ನಿಯಮಕ್ಕೆ ಹೊರಗಿನದು ಎಂದು ಹೇಳಿ ವಿಶ್ರಾಂತಿ ಕೊಟ್ಟರು. 8ನೇ ಸುತ್ತಿನಲ್ಲಿ ಡುಬ್ವಾ ಮಂಡಿಯೂರಿದ. 9ರಲ್ಲಿ ಒಂದು ನೇರ ಗುದ್ದಿಗೆ ಕುಳಿತವನು ಎಣಿಕೆ ಹತ್ತಾದರೂ ಏಳಲಿಲ್ಲ.

ನನ್ನ ಲೆಕ್ಕ: ಈ ಸಲವೂ ಉಸಿಕ್, 9 ಅಥವಾ 10ನೇ ಸುತ್ತು. ನಾನು ಜೀನ್ಸ್ ಘಟಕದಲ್ಲಿ ಬಟ್ಟೆ ಕತ್ತರಿಸುವವನು. ಹೊಸ ಅಳತೆಯ ಮೊದಲ ಪ್ಯಾಟರ್ನಿಗೆ ಅರ್ಧ ದಿನ ಹೋಗುತ್ತದೆ. ಅದೇ ಅಳತೆ ಮತ್ತೆ ಬಂದರೆ ಕತ್ತರಿ ತಾನಾಗಿ ಓಡುತ್ತದೆ. ಉಸಿಕ್ ಮೊದಲ ಸಲ ಏಳು ಸುತ್ತು ಅಳತೆ ತೆಗೆದುಕೊಂಡ. ಆ ಕಾಗದವನ್ನು ಅವನು ಎಸೆದಿರುವುದಿಲ್ಲ. ಮರುಪಂದ್ಯ ಎಂದೊಡನೆ ಎಲ್ಲರೂ ‘ಸೋತವನು ಏನು ಕಲಿತ’ ಎಂದು ಕೇಳುತ್ತಾರೆ. ಗೆದ್ದವನೂ ಕಲಿತಿರುತ್ತಾನೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಂಗಾವತಿ ಭತ್ತ (ಜುಲೈ 12, ರಾತ್ರಿ)

ಅಳತೆಯ ಕಾಗದ ಇಟ್ಟುಕೊಂಡಿದ್ದಾನೆ, ಸರಿ. ಆದರೆ ಹುಡುಗ ಬೆಳೆದಿದ್ದಾನಲ್ಲ? ಆ ಅಳತೆಯ ಪ್ಯಾಂಟು ಈಗ ಅವನಿಗೆ ಹಿಡಿಯುವುದಿಲ್ಲ.

ಆ ಸೋಲಿನ ನಂತರ ಏನಾಯಿತು ನೋಡಿ. 2023ರ ಡಿಸೆಂಬರಿನಲ್ಲಿ ಜಾರೆಲ್ ಮಿಲ್ಲರ್, 10ನೇ ಸುತ್ತು. 2024ರ ಜೂನ್‌ನಲ್ಲಿ ಫಿಲಿಪ್ ಹರ್ಗೊವಿಚ್, 8ನೇ ಸುತ್ತು. ಸೆಪ್ಟೆಂಬರಿನಲ್ಲಿ ಇದೇ ವೆಂಬ್ಲಿಯಲ್ಲಿ ಆಂಟನಿ ಜೋಶುವಾ, 5ನೇ ಸುತ್ತು. ಒಬ್ಬೊಬ್ಬರನ್ನೂ ಹಿಂದಿನವರಿಗಿಂತ ಬೇಗ ಮನೆಗೆ ಕಳಿಸಿದ್ದಾನೆ. 22 ಗೆಲುವುಗಳಲ್ಲಿ 21 ನಾಕೌಟ್. ವಯಸ್ಸು 27. ಆ ಕಡೆ ಉಸಿಕ್‌ಗೆ 38.

ಕಳೆದ ವರ್ಷ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 32 ನೆಟ್ಟಗೆ ನಿಂತಿದ್ದವು. 19ನೆಯದರ ಚೈನ್ ತುಂಡಾಯಿತು, ಅಷ್ಟೇ. ಉಸಿಕ್ ಎಷ್ಟು ಸುತ್ತು ಚೆನ್ನಾಗಿ ಆಡಿದರೇನು? ಡುಬ್ವಾಗೆ ಬೇಕಿರುವುದು ಒಂದು ಗೇಟು.

ಡುಬ್ವಾ, 5ನೇ ಸುತ್ತು. 25 ಕಿಲೋ ಸೋನಾ ಮಸೂರಿ ಪಣ. ಯಾರಿಗೆ ಧೈರ್ಯವಿದೆ?

ಬಳ್ಳಾರಿ ಬಂಡೆ

ಒಪ್ಪಿದೆ. ನಾನು ಸೋತರೆ ನಿಮ್ಮ ಅಳತೆಗೆ ಎರಡು ಜೀನ್ಸ್. ನಿಮ್ಮ ಸೊಂಟ ಎಷ್ಟಿದೆ ಎಂದು ಈಗ ಕೇಳುವುದಿಲ್ಲ.

ಕುಷ್ಟಗಿ ಹುಡುಗ

ಅಣ್ಣಂದಿರೇ, ನಾನು ಬಾಕ್ಸಿಂಗ್ ನೋಡಲು ಶುರುಮಾಡಿದ್ದು ಕಳೆದ ವರ್ಷ. ಇದು ಯಾವ ಪಟ್ಟಕ್ಕೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತೋರಣಗಲ್ಲು ಮೂರನೇ ಪಾಳಿ (ಜುಲೈ 13, ಬೆಳಿಗ್ಗೆ)

ಹೆವಿವೇಟ್ ವಿಭಾಗಕ್ಕೆ ನಾಲ್ಕು ಸಂಸ್ಥೆಗಳ ನಾಲ್ಕು ಬೆಲ್ಟ್‌ಗಳಿವೆ. 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಉಸಿಕ್ ನಾಲ್ಕನ್ನೂ ಒಟ್ಟುಗೂಡಿಸಿದ. ಫ್ಯೂರಿಯೊಂದಿಗೆ ಮರುಪಂದ್ಯದ ಒಪ್ಪಂದವಿದ್ದ ಕಾರಣ ಆ ನಾಲ್ಕರಲ್ಲಿ ಐಬಿಎಫ್ ಎಂಬ ಸಂಸ್ಥೆಯ ಬೆಲ್ಟನ್ನು ಬಿಟ್ಟುಕೊಡಬೇಕಾಯಿತು. ಅದು ಡುಬ್ವಾನ ಪಾಲಾಯಿತು. ಈಗ ಮೂರು ಉಸಿಕ್ ಹತ್ತಿರ, ಒಂದು ಡುಬ್ವಾ ಹತ್ತಿರ. ಗೆದ್ದವನಿಗೆ ನಾಲ್ಕೂ.

ಗಂಗಾವತಿಯವರ ಪಟ್ಟಿಗೆ ಒಂದು ತಕರಾರು ಇದೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ, ಮಲಗಿ ಎದ್ದು ಬರೆಯುತ್ತೇನೆ.

ಗಂಗಾವತಿ ಭತ್ತ

ತಕರಾರು ಇದೆ ಎಂದು ಹೇಳಿ ಮಲಗುವವರನ್ನು ಇದೇ ಮೊದಲು ನೋಡುತ್ತಿದ್ದೇನೆ.

ತೋರಣಗಲ್ಲು ಮೂರನೇ ಪಾಳಿ (ಜುಲೈ 13, ಸಂಜೆ)

ಎದ್ದೆ. ಮಿಲ್ಲರ್, ಹರ್ಗೊವಿಚ್, ಜೋಶುವಾ ಮೂವರೂ ಎಡಗಾಲು ಮುಂದಿಟ್ಟು ನಿಲ್ಲುವವರು, ಬಲಗೈ ಬಾಕ್ಸರುಗಳು. ಉಸಿಕ್ ಎಡಗೈಯವನು, ಬಲಗಾಲು ಮುಂದೆ. ಇದು ಸಣ್ಣ ವಿಷಯವಲ್ಲ. ಡುಬ್ವಾ ಎದುರಿಸಿದ ಎಡಗೈಯವರಲ್ಲಿ ಕೆವಿನ್ ಲೆರೆನಾ ಒಬ್ಬ. 2022ರ ಡಿಸೆಂಬರಿನಲ್ಲಿ ಅವನು ಮೊದಲ ಸುತ್ತಿನಲ್ಲೇ ಡುಬ್ವಾನನ್ನು ಮೂರು ಸಲ ನೆಲಕ್ಕೆ ಕೆಡವಿದ. ಡುಬ್ವಾ ಎದ್ದು 3ನೇ ಸುತ್ತಿನಲ್ಲಿ ಗೆದ್ದ, ಅದು ಅವನ ಗಟ್ಟಿತನ. ಇನ್ನೊಬ್ಬ ಎಡಗೈಯವನು ಉಸಿಕ್. ಆಮೇಲೆ ಕೆಡವಿದ ದೊಡ್ಡ ಹೆಸರುಗಳಲ್ಲಿ ಒಬ್ಬನೂ ಎಡಗೈಯವನಲ್ಲ. ಬಲಗೈಯವರ ಮೇಲೆ ಬಿದ್ದ ಅಂಕಗಳನ್ನು ತಂದು ಎಡಗೈಯವನ ಖಾತೆಗೆ ಜಮಾ ಮಾಡುವುದು ಹೇಗೆ?

ಇದನ್ನು ನಾನು ಓದಿ ತಿಳಿದದ್ದಲ್ಲ. ಇಲ್ಲಿ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆಯುವ ಹುಡುಗರು ಅಭ್ಯಾಸ ಮಾಡುವುದನ್ನು ಒಂದೆರಡು ಸಲ ನೋಡಿದ್ದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ನಿಶಾಂತ್ ದೇವ್ ತರಬೇತಿ ಪಡೆದದ್ದೂ ಇಲ್ಲೇ, ಅವನೂ ಎಡಗೈಯವನೇ. ಆದರೆ ನೋಡಿ ಅರ್ಥವಾಗಿರಲಿಲ್ಲ. ಹೋದ ಭಾನುವಾರ ತಮ್ಮನನ್ನು ಮಹಡಿಯ ಮೇಲೆ ನಿಲ್ಲಿಸಿ ಇದ್ದಿಲಿನಿಂದ ಪಾದಗಳ ಗುರುತು ಹಾಕಿದೆ. ನನ್ನ ಎಡಗಾಲು ಮುಂದೆ, ಅವನ ಬಲಗಾಲು ಮುಂದೆ. ಎರಡೂ ಹೆಬ್ಬೆರಳು ಒಂದಕ್ಕೊಂದು ತಾಕುತ್ತವೆ. ಈಗ ಅವನು ಆ ಪಾದವನ್ನು ನಾಲ್ಕು ಬೆರಳಿನಷ್ಟು ಸರಿಸಿ ನನ್ನ ಪಾದದ ಹೊರಬದಿಗೆ ಇಟ್ಟ. ಅಷ್ಟೇ. ಅವನ ಹಿಂದಿನ ಕೈಯಿಂದ ನನ್ನ ಗದ್ದಕ್ಕೆ ನೇರ ದಾರಿ ತೆರೆಯಿತು. ನನ್ನ ಬಲಗೈ ಅವನನ್ನು ಮುಟ್ಟಬೇಕಾದರೆ ಇಡೀ ಸೊಂಟ ತಿರುಗಬೇಕು. ನಾನು ಪಾದ ಸರಿಸಿದೆ, ಅವನೂ ಸರಿಸಿದ. ಐದು ನಿಮಿಷದಲ್ಲಿ ಇಬ್ಬರೂ ಮಹಡಿಯ ತುಂಬ ಸುತ್ತಿದ್ದೆವು, ಒಂದು ಗುದ್ದೂ ಬಿದ್ದಿರಲಿಲ್ಲ, ನನ್ನ ಮೀನಖಂಡ ಹಿಡಿದುಕೊಂಡಿತ್ತು. ಅಮ್ಮ ಇದ್ದಿಲಿನ ಗುರುತು ನೋಡಿ ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡರು.

ಉಸಿಕ್ ಆ ಪಾದದ ಆಟವನ್ನು 12 ಸುತ್ತು ಆಡುತ್ತಾನೆ. ಜೊತೆಗೆ ಮುಂದಿನ ಬಲಗೈಯಿಂದ ಎದುರಾಳಿಯ ಗ್ಲೌಸನ್ನು ಸುಮ್ಮನೆ ತಟ್ಟುತ್ತಲೇ ಇರುತ್ತಾನೆ, ಬಾಗಿಲು ಬಡಿಯುವ ಹಾಗೆ. ಡುಬ್ವಾನ ಅತ್ಯುತ್ತಮ ಆಯುಧ ಎಡಗೈಯ ನೇರ ಗುದ್ದು. ಅದರ ದಾರಿಗೆ ಅಡ್ಡ ನಿಲ್ಲುವುದೇ ಆ ತಟ್ಟುವ ಕೈ.

ನನ್ನ ಲೆಕ್ಕ: ಉಸಿಕ್, 12 ಸುತ್ತೂ ಮುಗಿದು ತೀರ್ಪುಗಾರರ ಅಂಕಗಳ ಮೇಲೆ.

ರಾಯಚೂರು ಸೀಟಿ

ಲೆರೆನಾ ಪಂದ್ಯದಲ್ಲಿ ಡುಬ್ವಾನ ಮೊಣಕಾಲಿಗೆ ಪೆಟ್ಟಾಗಿತ್ತು. ಮೂರು ಸಲ ಬಿದ್ದದ್ದರಲ್ಲಿ ಎಡಗೈಯ ಪಾಲೆಷ್ಟು, ಮೊಣಕಾಲಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಿ. ಆದರೆ ಪಾದದ ವಿವರಣೆ ಚೆನ್ನಾಗಿದೆ, ನಾಳೆ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ. ಇದ್ದಿಲು ಬೇಡ, ಸುಣ್ಣದ ಪುಡಿ ಬಳಸಿ.

ಸಂಡೂರು ಕೆಂಧೂಳಿ (ಜುಲೈ 14)

ಇಷ್ಟೆಲ್ಲ ಪಾದಪುರಾಣ ಯಾಕೆ? ಡುಬ್ವಾ ಹೇಡಿ. 2020ರಲ್ಲಿ ಜೋ ಜಾಯ್ಸ್ ಎದುರು ಮಂಡಿಯೂರಿ ಕುಳಿತ. 2023ರಲ್ಲಿ ಉಸಿಕ್ ಎದುರು ಕುಳಿತ. ಕಷ್ಟ ಬಂದಾಗ ಕುಳಿತುಕೊಳ್ಳುವವನು ಮೂರನೇ ಸಲವೂ ಕುಳಿತುಕೊಳ್ಳುತ್ತಾನೆ. ಉಸಿಕ್ ಗೆಲ್ಲುತ್ತಾನೆ, ಮುಗಿಯಿತು.

ರಾಯಚೂರು ಸೀಟಿ

ಮುಗಿಯಲಿಲ್ಲ. ಜಾಯ್ಸ್ ಪಂದ್ಯದಲ್ಲಿ ಡುಬ್ವಾನ ಎಡಗಣ್ಣಿನ ಗೂಡಿನ ಮೂಳೆ ಮುರಿದಿತ್ತು. ಆ ಕಣ್ಣು ಮುಚ್ಚಿಹೋಗಿ ಒಂದೇ ಕಣ್ಣಿನಲ್ಲಿ ಆಡುತ್ತಿದ್ದ. 10ನೇ ಸುತ್ತಿನಲ್ಲಿ ಅದೇ ಜಾಗಕ್ಕೆ ಇನ್ನೊಂದು ಗುದ್ದು ಬಿದ್ದಾಗ ಮಂಡಿಯೂರಿದ. ಅವನಿಗೆ ಆಗ 23 ವರ್ಷ. ಟೀವಿಯ ಮುಂದೆ ಕುಳಿತು ಚಹಾ ಕುಡಿಯುತ್ತ ‘ಏಳು’ ಎಂದು ಕೂಗಿದವರು ಬಹಳ. ಆ ಕಣ್ಣು ಹೋಗಿದ್ದರೆ ಅವರಲ್ಲಿ ಯಾರು ಕೊಡುತ್ತಿದ್ದರು?

ನಾನು ಕಾಲೇಜಿನ ದಿನಗಳಲ್ಲಿ ಮೂರು ವರ್ಷ ಬಾಕ್ಸಿಂಗ್ ಆಡಿದವಳು. ಒಮ್ಮೆ ಪಕ್ಕೆಲುಬಿನ ಕೆಳಗೆ, ಬಲಬದಿಗೆ, ಯಕೃತ್ತಿನ ಜಾಗಕ್ಕೆ ಗುದ್ದು ಬಿದ್ದಿತ್ತು. ತಲೆಗೆ ಬಿದ್ದ ಏಟು ಬಿದ್ದ ಕ್ಷಣಕ್ಕೆ ತಿಳಿಯುತ್ತದೆ. ಇದು ಹಾಗಲ್ಲ. ಬಿದ್ದಾಗ ಏನೂ ಆಗಲಿಲ್ಲ. ನಾನು ಒಂದು ಹೆಜ್ಜೆ ಮುಂದಕ್ಕೂ ಹೋದೆ. ಆಮೇಲೆ ಕಾಲುಗಳು ನನ್ನವಲ್ಲ ಎನ್ನಿಸಿತು. ಮನಸ್ಸು ಸ್ವಚ್ಛವಾಗಿತ್ತು, ರೆಫರಿಯ ಎಣಿಕೆ ಒಂದೊಂದೂ ಕೇಳುತ್ತಿತ್ತು, ನಾಲ್ಕಕ್ಕೆ ಏಳೋಣ ಎಂದುಕೊಂಡೆ, ಆರಕ್ಕೆ ಏಳೋಣ ಎಂದುಕೊಂಡೆ. ಉಸಿರು ಒಳಗೆ ಹೋಗಲೇ ಇಲ್ಲ. ಎಂಟಕ್ಕೆ ಎದ್ದೆ ಎಂದು ಹೇಳಿ ಶೂರಳಾಗಬಹುದಿತ್ತು. ಏಳಲಿಲ್ಲ.

ಹೆದರಿ ಕುಳಿತದ್ದೋ, ಮೈ ಕೈಕೊಟ್ಟು ಕುಳಿತದ್ದೋ ಎಂಬುದು ಹೊರಗಿನವರಿಗೆ ಒಂದೇ ರೀತಿ ಕಾಣುತ್ತದೆ. ಹಾಗಾಗಿ ಅದರ ಮೇಲೆ ಲೆಕ್ಕ ಕಟ್ಟಬೇಡಿ. ಹರ್ಗೊವಿಚ್ ಎದುರು ಮೊದಲ ಸುತ್ತುಗಳಲ್ಲಿ ಅವನು ತಿಂದ ಬಲಗೈ ಏಟುಗಳನ್ನು ಮತ್ತೆ ನೋಡಿ. ಹೇಡಿಯಾಗಿದ್ದರೆ ಅಲ್ಲೇ ಮನೆಗೆ ಹೋಗುತ್ತಿದ್ದ.

ಸಂಡೂರು ಕೆಂಧೂಳಿ

ಸರಿ, ಆ ಪದ ಹಿಂದೆ ತೆಗೆದುಕೊಂಡೆ. ಲೆಕ್ಕ ಬದಲಿಸುವುದಿಲ್ಲ.

ಗಂಗಾವತಿ ಭತ್ತ

ನಾನು ಡುಬ್ವಾ ಪರ ವಾದಿಸಲು ಇಷ್ಟು ದಿನ ಒದ್ದಾಡುತ್ತಿದ್ದೇನೆ, ಟೀಚರು ನಾಲ್ಕು ಸಾಲಿನಲ್ಲಿ ಮುಗಿಸಿದರು. ಹಾಗಾದರೆ ನಿಮ್ಮ ಮತ ನಮಗೇ?

ರಾಯಚೂರು ಸೀಟಿ

ಅಲ್ಲ. ಉಸಿಕ್. ಗೌರವ ಬೇರೆ, ಲೆಕ್ಕ ಬೇರೆ.

ಕುಷ್ಟಗಿ ಹುಡುಗ (ಜುಲೈ 15)

ಆ ಕೆಳಗಿನ ಗುದ್ದು ನಿಜವಾಗಿ ಕೆಳಗಿನದೋ ಅಲ್ಲವೋ? ವೀಡಿಯೊ ಇಪ್ಪತ್ತು ಸಲ ನೋಡಿದೆ. ಹತ್ತು ಸಲ ಹೌದು ಎನ್ನಿಸಿತು, ಹತ್ತು ಸಲ ಅಲ್ಲ ಎನ್ನಿಸಿತು.

ಗಂಗಾವತಿ ಭತ್ತ

ಅಲ್ಲ. ಅಲ್ಲವೇ ಅಲ್ಲ. ಸರಿಯಾದ ಗುದ್ದು. ಹತ್ತು ಎಣಿಸಿದ್ದರೆ ಅಂದೇ ಡುಬ್ವಾ ಚಾಂಪಿಯನ್. ನಾಲ್ಕು ನಿಮಿಷದ ಹತ್ತಿರ ವಿಶ್ರಾಂತಿ ಕೊಟ್ಟರು! ನಾಲ್ಕು ನಿಮಿಷದಲ್ಲಿ ನಾನು ಒಂದು ಲಾರಿಗೆ ತಾಡಪಾಲು ಹೊದಿಸುತ್ತೇನೆ.

ಬಳ್ಳಾರಿ ಬಂಡೆ

ಇದು ನನ್ನ ಕಸುಬಿನ ಪ್ರಶ್ನೆ, ಎಲ್ಲರೂ ಸುಮ್ಮನಿರಿ.

ಸೊಂಟ ಎಲ್ಲಿದೆ ಎಂದು ಗಿರಾಕಿಯನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ಇಡುತ್ತಾರೆ. ಹೊಟ್ಟೆ ಬಂದವರು ಹೊಟ್ಟೆಯ ಕೆಳಗೆ, ಅವರ ಅಪ್ಪಂದಿರು ಹೊಕ್ಕುಳಿನ ಮೇಲೆ, ಕಾಲೇಜು ಹುಡುಗರು ಎಲ್ಲಿಯೂ ಇಲ್ಲ. ಹಾಗಾಗಿ ನಾವು ಬಟ್ಟೆಯನ್ನು ನಂಬುವುದಿಲ್ಲ, ಮೂಳೆಯನ್ನು ನಂಬುತ್ತೇವೆ. ಬಾಕ್ಸಿಂಗ್‌ನಲ್ಲೂ ಅಷ್ಟೇ: ಹೊಕ್ಕುಳ ಮಟ್ಟದ ಗೆರೆ ಮುಖ್ಯ, ಚಡ್ಡಿ ಎಲ್ಲಿ ಕಟ್ಟಿದ್ದಾನೆ ಎಂಬುದಲ್ಲ. ತೊಂದರೆ ಏನೆಂದರೆ ಬಾಕ್ಸರನ ಚಡ್ಡಿಗೆ ಅಂಗೈ ಅಗಲದ ಪಟ್ಟಿ ಇರುತ್ತದೆ, ಅದರೊಳಗೆ ರಕ್ಷಣಾ ಕವಚ ಇರುತ್ತದೆ. ಕವಚ ದಪ್ಪ, ಪಟ್ಟಿ ಮೇಲೇರುತ್ತದೆ, ಹೊಕ್ಕುಳ ಅದರೊಳಗೆ ಮುಚ್ಚಿಹೋಗುತ್ತದೆ. ರೆಫರಿಗೆ ಕಾಣುವುದು ಪಟ್ಟಿ ಮಾತ್ರ. ಡುಬ್ವಾನ ಗುದ್ದು ಆ ಪಟ್ಟಿಯ ಮೇಲೆಯೇ ಬಿತ್ತು. ಅರ್ಧ ಗ್ಲೌಸು ಮೇಲೆ, ಅರ್ಧ ಕೆಳಗೆ ಎಂದೇ ನನ್ನ ಕಣ್ಣಿಗೆ ಕಂಡದ್ದು. ಗ್ಲೌಸಿನ ಅಗಲಕ್ಕಿಂತ ಸೂಕ್ಷ್ಮವಾದ ತೀರ್ಪನ್ನು ಯಾವ ರೆಫರಿಯೂ ಕಣ್ಣಳತೆಯಲ್ಲಿ ಕೊಡಲಾರ.

ವಿಶ್ರಾಂತಿಯ ವಿಷಯ: ಕೆಳಗಿನ ಗುದ್ದು ಎಂದು ಹೇಳಿದ ಮೇಲೆ ಐದು ನಿಮಿಷದವರೆಗೆ ಕೊಡಬಹುದು. ಅದರಲ್ಲಿ ಮೋಸವಿಲ್ಲ. ಡುಬ್ವಾ ಕಡೆಯವರು ಮೇಲ್ಮನವಿ ಹಾಕಿದರು, ತಿರಸ್ಕೃತವಾಯಿತು.

ಆದರೆ ಗಂಗಾವತಿಯವರು ಹೇಳದೆ ಬಿಟ್ಟ ಒಂದು ಮಾತಿದೆ, ಅವರ ಪರವಾಗಿ ನಾನೇ ಹೇಳುತ್ತೇನೆ. ಗುದ್ದು ಸರಿಯೋ ತಪ್ಪೋ, ಆ ಹೊಟ್ಟೆಯ ಕಡೆಗೆ ದಾರಿಯಿದೆ ಎಂದು ಇಬ್ಬರಿಗೂ ತಿಳಿಯಿತು. ಉಸಿಕ್ ಈ ಸಲ ಮೊಣಕೈ ಕೆಳಗಿಟ್ಟುಕೊಂಡರೆ ತಲೆಗೆ ಕಾವಲು ಇಲ್ಲದಾಗುತ್ತದೆ. ಇದೊಂದು ನನ್ನನ್ನು ರಾತ್ರಿ ಕಾಡುತ್ತಿದೆ.

ಗಂಗಾವತಿ ಭತ್ತ

ಜೀನ್ಸ್ ಬಟ್ಟೆ ಈಗಲೇ ತೆಗೆದಿಡಿ. ಸೊಂಟ 38. ಉಸಿಕ್‌ನ ವಯಸ್ಸೂ ಅಷ್ಟೇ, ನೆನಪಿಗೆ ಸುಲಭ.

ಬಳ್ಳಾರಿ ಬಂಡೆ

ಅಕ್ಕಿ ಗಿರಣಿಯವರು ವಯಸ್ಸನ್ನು ಹಳಿಯಬಾರದು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಹಳೆಯದಾದಷ್ಟೂ ಉದುರುದುರಾಗಿ ಅರಳುತ್ತದೆ. ಇದನ್ನು ಹೇಳಿಯೇ ನೀವು ಹಳೆಯ ಅಕ್ಕಿಗೆ ಹೆಚ್ಚು ದರ ಹಾಕುವುದು.

ಗಂಗಾವತಿ ಭತ್ತ

ಒಂದು ವರ್ಷ ಇಟ್ಟರೆ ಹಳೆಯ ಅಕ್ಕಿ. ಹೆಚ್ಚು ಇಟ್ಟರೆ ಹುಳದ ಅಕ್ಕಿ.

ಗರಡಿಮನೆ ಅಜ್ಜ (ಜುಲೈ 16)

ಮೊಮ್ಮಗಳು ಬರೆದುಕೊಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಕಂಪ್ಲಿ ಕಡೆಯವನು. ಬಾಕ್ಸಿಂಗ್ ನನಗೆ ಪತ್ರಿಕೆಯಲ್ಲಿ ಓದಿ ಗೊತ್ತು. ಅಲಿ–ಫ್ರೇಜಿಯರ್ ಮೂರನೇ ಸಲ ಮನಿಲಾದಲ್ಲಿ ಹೊಡೆದಾಡಿದ್ದು 1975ರಲ್ಲಿ, ಆಗ ಗರಡಿಯಲ್ಲಿ ಮಣ್ಣು ಅಗೆಯುತ್ತ ಅದನ್ನೇ ಮಾತನಾಡುತ್ತಿದ್ದೆವು.

ಮರುಪಂದ್ಯದ ಬಗ್ಗೆ ನನ್ನದೊಂದು ಅನುಭವ ಇದೆ. ಒಂದು ಜಾತ್ರೆಯ ಕುಸ್ತಿಯಲ್ಲಿ ಹೊರಗಿನಿಂದ ಬಂದ ಪೈಲ್ವಾನನ ಜೊತೆ ನನಗೆ ಜೋಡಿ ಹಚ್ಚಿದರು. ಅವನು ನನ್ನ ಬಲಗೈ ಎಳೆದು ಹೆಗಲ ಮೇಲೆ ಹಾಕಿಕೊಂಡು ಬೀಸಿದ. ಆಕಾಶ ಕಂಡಿತು, ಚಿತ್ ಆದೆ. ಬೆಳ್ಳಿ ಕಡಗ ಅವನ ಕೈಗೆ ಹೋಯಿತು. ಮುಂದಿನ ವರ್ಷ ಅದೇ ಜಾತ್ರೆಗೆ ಅವನನ್ನೇ ಕರೆಸಿ ಎಂದು ಹಿರಿಯರ ಕಾಲು ಹಿಡಿದೆ. ವರ್ಷವಿಡೀ ಆ ಒಂದು ಪಟ್ಟಿಗೆ ಪ್ರತಿಪಟ್ಟು ತಾಲೀಮು ಮಾಡಿದೆ. ವಸ್ತಾದರು ದಿನಕ್ಕೆ ಐವತ್ತು ಸಲ ನನ್ನ ಬಲಗೈ ಎಳೆಯುತ್ತಿದ್ದರು, ಐವತ್ತು ಸಲ ನಾನು ಬಿಡಿಸಿಕೊಳ್ಳುತ್ತಿದ್ದೆ. ನಿದ್ದೆಯಲ್ಲಿಯೂ ಬಲಗೈ ಹಿಂದಕ್ಕೆ ಜಗ್ಗುತ್ತಿದ್ದೆ ಎಂದು ಹೆಂಡತಿ ಹೇಳುತ್ತಿದ್ದಳು.

ಜಾತ್ರೆ ಬಂತು, ಹಲಗೆ ಬಾರಿಸಿದರು, ಕೈ ಮುಟ್ಟಿಸಿದೆವು. ಅವನು ನನ್ನ ಬಲಗೈಯನ್ನು ಮುಟ್ಟಲೇ ಇಲ್ಲ. ನನ್ನ ಕಣ್ಣು, ಮನಸ್ಸು ಎಲ್ಲವೂ ಬಲಗೈ ಕಾಯುತ್ತಿತ್ತು. ಅವನು ಕೆಳಗೆ ಬಗ್ಗಿ ಎಡಗಾಲು ಎತ್ತಿದ. ಮತ್ತೆ ಅದೇ ಆಕಾಶ. ಮೊದಲ ವರ್ಷಕ್ಕಿಂತ ಬೇಗ.

ಯಾರು ಗೆಲ್ಲುತ್ತಾರೆ ಎಂದು ನಾನು ಹೇಳುವುದಿಲ್ಲ. ಆ ಇಬ್ಬರ ತಾಲೀಮನ್ನು ನಾನು ನೋಡಿಲ್ಲ.

ಬಳ್ಳಾರಿ ಬಂಡೆ

ಅಜ್ಜನವರೇ, ನಾನು ನಾಲ್ಕು ದಿನದಿಂದ ಹೇಳಲು ಒದ್ದಾಡುತ್ತಿರುವುದು ಇದನ್ನೇ.

ಗಂಗಾವತಿ ಭತ್ತ

ಅಜ್ಜನವರಿಗೆ ನಮಸ್ಕಾರ. ಆದರೆ ಇತಿಹಾಸದಲ್ಲಿ ತಿರುಗೇಟೂ ಇದೆ. 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಎದುರು ಜೋ ಲೂಯಿಸ್ 12ನೇ ಸುತ್ತಿನಲ್ಲಿ ಬಿದ್ದ. ಎಡಗೈ ಗುದ್ದು ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾನೆ ಎಂದು ಶ್ಮೆಲಿಂಗ್ ಕಂಡುಕೊಂಡಿದ್ದ. 1938ರಲ್ಲಿ ಮತ್ತೆ ಸೇರಿದಾಗ ಎಷ್ಟು ಹೊತ್ತು? 124 ಸೆಕೆಂಡು. ಲೂಯಿಸ್ ಅವನಿಗೆ ಯೋಚಿಸಲು ಬಿಡಲೇ ಇಲ್ಲ. ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ಹಸೀಂ ರಹಮಾನ್ ಎದುರು 5ನೇ ಸುತ್ತಿನಲ್ಲಿ ಬಿದ್ದು, ನವೆಂಬರಿನಲ್ಲಿ 4ನೇ ಸುತ್ತಿನಲ್ಲಿ ಕೆಡವಿದ.

ರಾಯಚೂರು ಸೀಟಿ

ನಿಮಗೆ ಬೇಕಾದ ಭತ್ತ ಮಾತ್ರ ತೂರುತ್ತಿದ್ದೀರಿ. ಫ್ಲಾಯ್ಡ್ ಪ್ಯಾಟರ್ಸನ್ 1962ರಲ್ಲಿ ಸೋನಿ ಲಿಸ್ಟನ್ ಎದುರು ಮೊದಲ ಸುತ್ತಿನಲ್ಲಿ ಬಿದ್ದ. 1963ರಲ್ಲಿ ಮತ್ತೆ ಹೋದ. ಮತ್ತೆ ಮೊದಲ ಸುತ್ತು. ಅದೇ ಪ್ಯಾಟರ್ಸನ್ 1960ರಲ್ಲಿ ಯೊಹಾನ್ಸನ್ ಎದುರು ಸೇಡು ತೀರಿಸಿಕೊಂಡು, ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಮರಳಿ ಪಡೆದ ಮೊದಲಿಗನಾಗಿದ್ದ. ಒಬ್ಬನೇ ಮನುಷ್ಯ, ಒಂದು ಮರುಪಂದ್ಯ ಹಾಗೆ, ಒಂದು ಹೀಗೆ. ಇತಿಹಾಸ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ, ಅದನ್ನು ಕಟಕಟೆಗೆ ಕರೆಯಬೇಡಿ.

ತೋರಣಗಲ್ಲು ಮೂರನೇ ಪಾಳಿ

ಹಳೆಯವರು ಯಾಕೆ, ಉಸಿಕ್‌ನದೇ ಎರಡು ಮರುಪಂದ್ಯಗಳಿವೆಯಲ್ಲ. ಜೋಶುವಾನನ್ನು 2021ರಲ್ಲಿ ಮೂವರು ತೀರ್ಪುಗಾರರೂ ಒಪ್ಪುವಂತೆ ಗೆದ್ದ. 2022ರಲ್ಲಿ ಜೆಡ್ಡಾದಲ್ಲಿ ಒಬ್ಬ ತೀರ್ಪುಗಾರ 115–113 ಎಂದು ಜೋಶುವಾಗೆ ಕೊಟ್ಟ. ಅಂದರೆ ಎರಡನೇ ಸಲ ಅಂತರ ಕಡಿಮೆಯಾಯಿತು. ಜೋಶುವಾ ದೇಹಕ್ಕೆ ಹೊಡೆಯಲು ಕಲಿತು ಬಂದಿದ್ದ. ಫ್ಯೂರಿಯದು ತಿರುಗುಮುರುಗು: ಮೊದಲ ಸಲ ತೀರ್ಪು ಒಡೆದಿತ್ತು, ಕಳೆದ ಡಿಸೆಂಬರಿನಲ್ಲಿ ಮೂವರೂ 116–112. ಹಾಗಾಗಿ ‘ಉಸಿಕ್ ಎರಡನೇ ಸಲ ಯಾವಾಗಲೂ ಇನ್ನೂ ಸುಲಭವಾಗಿ ಗೆಲ್ಲುತ್ತಾನೆ’ ಎಂದು ಬಂಡೆಯವರು ಹೇಳುವ ಮೊದಲೇ ತಡೆಯುತ್ತಿದ್ದೇನೆ.

ಬಳ್ಳಾರಿ ಬಂಡೆ

ಹೇಳಲು ಬಾಯಿ ತೆರೆದಿದ್ದೆ. ಮುಚ್ಚಿದೆ.

ಆದರೆ ಜೆಡ್ಡಾದ 9 ಮತ್ತು 10ನೇ ಸುತ್ತನ್ನು ಒಟ್ಟಿಗೆ ನೋಡಿ. 9ರಲ್ಲಿ ಜೋಶುವಾ ಉಸಿಕ್‌ನನ್ನು ಅಲ್ಲಾಡಿಸಿದ. ಬೇರೆ ಯಾರಾದರೂ ಮುಂದಿನ ಸುತ್ತು ಓಡಾಡಿ ಕಾಲ ತಳ್ಳುತ್ತಿದ್ದರು. ಇವನು 10ರಲ್ಲಿ ಗುದ್ದುಗಳ ಮಳೆ ಸುರಿಸಿದ. ಪೆಟ್ಟು ತಿಂದ ಮರುಗಳಿಗೆಯಲ್ಲಿ ಏನು ಮಾಡುತ್ತಾನೆ ಎಂಬುದರಿಂದ ನಾನು ಅವನನ್ನು ಅಳೆಯುತ್ತೇನೆ.

ಸಂಡೂರು ಕೆಂಧೂಳಿ (ಜುಲೈ 18, ರಾತ್ರಿ)

ತೂಕ ಬಂತು. ಉಸಿಕ್ 227.3 ಪೌಂಡ್, ಸುಮಾರು 103 ಕಿಲೋ. ಅವನ ಜೀವನದಲ್ಲೇ ಅತಿ ಹೆಚ್ಚು. ಡುಬ್ವಾ 243.8, ಸುಮಾರು 111 ಕಿಲೋ.

ಗಂಗಾವತಿ ಭತ್ತ

ನೋಡಿದಿರಾ! ಉಸಿಕ್ ಭಾರವಾಗಿದ್ದಾನೆ. 2019ರಲ್ಲಿ ಆಂಡಿ ರೂಯಿಸ್ ಜೋಶುವಾನನ್ನು ಕೆಡವಿ ಆರು ತಿಂಗಳಲ್ಲಿ ಏಳು ಕಿಲೋ ಹೆಚ್ಚಿಸಿಕೊಂಡು ಮರುಪಂದ್ಯಕ್ಕೆ ಬಂದ, ಕಾಲು ಏಳಲಿಲ್ಲ, ಸೋತ. ಗೆದ್ದವನಿಗೆ ಊಟ ರುಚಿಸುತ್ತದೆ.

ರಾಯಚೂರು ಸೀಟಿ

ರೂಯಿಸ್ ಊಟದಿಂದ ಹೆಚ್ಚಿಸಿದ. ಉಸಿಕ್‌ನ ಹೊಟ್ಟೆಯನ್ನು ತೂಕದ ಕಟ್ಟೆಯ ಮೇಲೆ ನೋಡಿದಿರಾ? ಅವನು ದೂರ ನಿಂತು ಆಡುವ ಯೋಚನೆಯಲ್ಲಿದ್ದರೆ ಹಗುರಾಗುತ್ತಿದ್ದ. ಭಾರವಾಗಿದ್ದಾನೆ ಎಂದರೆ ನಿಂತು ಹೊಡೆಯಲು ಬರುತ್ತಿದ್ದಾನೆ. ನನ್ನ ಲೆಕ್ಕ ಬದಲಿಸುತ್ತೇನೆ: ಅಂಕಗಳವರೆಗೆ ಹೋಗುವುದಿಲ್ಲ. ಉಸಿಕ್, 8ರೊಳಗೆ.

ಕುಷ್ಟಗಿ ಹುಡುಗ (ಜುಲೈ 20, ನಸುಕು)

ಎಲ್ಲರೂ ಎದ್ದಿದ್ದೀರಾ? ನಮ್ಮಲ್ಲಿ ಕರೆಂಟು ಹೋಗಿದೆ. ಮೊಬೈಲಿನಲ್ಲಿ 41 ಶೇಕಡಾ ಚಾರ್ಜ್ ಇದೆ. 12 ಸುತ್ತು ಹೋಗಬಾರದು ದೇವರೇ.

ತೋರಣಗಲ್ಲು ಮೂರನೇ ಪಾಳಿ

ಪಾಳಿಯಲ್ಲಿದ್ದೇನೆ. ಯಾರಾದರೂ ಸುತ್ತು ಸುತ್ತಿಗೂ ಬರೆಯಿರಿ, ಕದ್ದು ಓದುತ್ತೇನೆ.

ಬಳ್ಳಾರಿ ಬಂಡೆ

ಮೊದಲ ಸುತ್ತು ಉಸಿಕ್. ಎಡಗೈ ಚೆನ್ನಾಗಿ ತಾಕುತ್ತಿದೆ. ಪಾದ ಹೊರಬದಿಗೇ ಇದೆ, ಮಹಡಿಯ ಇದ್ದಿಲು ನೆನಪಾಯಿತು.

ಬಳ್ಳಾರಿ ಬಂಡೆ

ಎರಡನೇ ಸುತ್ತೂ ಉಸಿಕ್. ಇವನು ಹಿಂದೆ ಸರಿಯುತ್ತಿಲ್ಲ. ಟೀಚರು ಹೇಳಿದ್ದು ಸರಿ, ನಿಂತು ಹೊಡೆಯುತ್ತಿದ್ದಾನೆ.

ಗಂಗಾವತಿ ಭತ್ತ

5ನೇ ಸುತ್ತು ಬರಲಿ. ಬರಲಿ.

ಬಳ್ಳಾರಿ ಬಂಡೆ

ಬಿದ್ದ!!

ತೋರಣಗಲ್ಲು ಮೂರನೇ ಪಾಳಿ

ಯಾರು??

ಕುಷ್ಟಗಿ ಹುಡುಗ

ಎದ್ದ. ಮತ್ತೆ ಬಿದ್ದ. ಎಡಗೈ. ಎಣಿಸುತ್ತಿದ್ದಾರೆ.

ತೋರಣಗಲ್ಲು ಮೂರನೇ ಪಾಳಿ

ಅಯ್ಯೋ, ಯಾರು ಎಂದು ಬರೆಯಿರಿ! ಫೋರ್‌ಮನ್ ಬರುತ್ತಿದ್ದಾರೆ.

ರಾಯಚೂರು ಸೀಟಿ

ಡುಬ್ವಾ. ಹತ್ತು ಎಣಿಸಿದರು. 5ನೇ ಸುತ್ತು, 1 ನಿಮಿಷ 52 ಸೆಕೆಂಡು. ಉಸಿಕ್‌ಗೆ ನಾಲ್ಕೂ ಬೆಲ್ಟು. 24 ಪಂದ್ಯ, ಸೋಲಿಲ್ಲ.

ಸಂಡೂರು ಕೆಂಧೂಳಿ

ಮೊದಲು ಬಲಗೈಗೆ ಬಿದ್ದ, ಎದ್ದ, ಆಮೇಲೆ ಆ ಎಡಗೈ ಕೊಕ್ಕೆ ಗುದ್ದು (ಹುಕ್). ಮತ್ತೆ ಹಾಕಿ ನೋಡಿ. ಡುಬ್ವಾ ತಾನೂ ಹೊಡೆಯಲು ಹೋಗಿದ್ದ. ಈ ಸಲ ಕುಳಿತದ್ದಲ್ಲ, ಬಿದ್ದದ್ದು. ಒಪ್ಪುತ್ತೇನೆ.

ಗರಡಿಮನೆ ಅಜ್ಜ (ಜುಲೈ 20, ಬೆಳಿಗ್ಗೆ)

ಮೊಮ್ಮಗಳು ಬೆಳಿಗ್ಗೆ ತೋರಿಸಿದಳು. ಹುಡುಗ ಮೊದಲ ಸಲದ ನೇರ ಗುದ್ದನ್ನು ಕಾಯುತ್ತಿದ್ದ. ಬಂದದ್ದು ಸುತ್ತಿ ಬರುವ ಗುದ್ದು. ನನಗೆ ನನ್ನ ಎಡಗಾಲು ನೆನಪಾಯಿತು.

ಬಳ್ಳಾರಿ ಬಂಡೆ

ಗಂಗಾವತಿಯವರು ಕಾಣುತ್ತಿಲ್ಲ.

ಗಂಗಾವತಿ ಭತ್ತ (ಜುಲೈ 20, ಮಧ್ಯಾಹ್ನ)

ಇದ್ದೇನೆ. ಮೇಲೆ ಹೋಗಿ 12ನೇ ತಾರೀಕಿನ ನನ್ನ ಬರಹ ಓದಿ. 5ನೇ ಸುತ್ತು ಎಂದು ಬರೆದವರು ಇಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ನೀವು 9 ಅಥವಾ 10 ಎಂದಿದ್ದಿರಿ. ಆಟಗಾರ ನಿಮ್ಮವನು, ಸುತ್ತು ನನ್ನದು. ಅರ್ಧ ಚೀಲ.

ಬಳ್ಳಾರಿ ಬಂಡೆ

ಹಾಗಾದರೆ ಪ್ಯಾಂಟಿನ ಒಂದು ಕಾಲು ಹೊಲಿದು ಕಳಿಸಲೇ?

ರಾಯಚೂರು ಸೀಟಿ

ತೀರ್ಪು: 25 ಕಿಲೋ ಪೂರ್ತಿ ಕೊಡಬೇಕು. ಸುತ್ತು ಸರಿಯಾಗಿ ಹೇಳಿದ್ದಕ್ಕೆ ಸಾಗಣೆ ವೆಚ್ಚ ಬಂಡೆಯವರದು. ಮೇಲ್ಮನವಿ ಇಲ್ಲ.

ಗಂಗಾವತಿ ಭತ್ತ

ಒಪ್ಪಿದೆ. ಬಳ್ಳಾರಿಗೆ ಹೋಗುವ ಲಾರಿ ಮಂಗಳವಾರ ಇದೆ.

ಬಳ್ಳಾರಿ ಬಂಡೆ

ಒಂದೇ ಪ್ರಶ್ನೆ. ಹೊಸ ಅಕ್ಕಿಯೋ, ಹಳೆಯದೋ?

ಗಂಗಾವತಿ ಭತ್ತ

ಹಳೆಯದೇ, ಮಾರಾಯರೇ. ಹಳೆಯದೇ ಕಳಿಸುತ್ತೇನೆ.